ಬಚ್ಚಲಿನ ಒಗೆಯುವ ಕಲ್ಲು

ಮೊಮ್ಮಕ್ಕಳೇ, ನೀವು ಬಂದಾಗಲೆಲ್ಲ ನೀರಾಟ ಆಡುವ ನಮ್ಮ ದಾವಣಗೆರೆ ಮನೆಯ ಬಚ್ಚಲಿಗೆ, ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಗಾರೆ ಹಾಕಿದವರು ಒಬ್ಬ ಮೇಸ್ತ್ರಿ. ಕೆಲಸವಾದ ಮೇಲೆ ಒಂದು ಚೊಂಬು ನೀರು ಚೆಲ್ಲಿ, ಕುಕ್ಕರಗಾಲಲ್ಲಿ ಕೂತು, ಅದು ಹರಿಯುವುದನ್ನೇ ನೋಡುತ್ತಿದ್ದರು. ಇಳಿಜಾರು ಸರಿಯಾಯಿತೇ ಎಂದರೆ, "ನನ್ನ ಕೇಳಬ್ಯಾಡ್ರಿ, ನೀರನ್ನ ಕೇಳ್ರಿ" ಎನ್ನುವುದು ಅವರ ಮಾತು.

ಬಚ್ಚಲಲ್ಲಿ ಒಗೆಯುವ ಕಲ್ಲು ಕೂರಿಸುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಹರಿಹರಕ್ಕೆ ಗಾರೆ ಕಲಸುವ ಮಷೀನು ಬಂತು. ಅಡುಗೆಮನೆ, ಪಡಸಾಲೆಯ ನೆಲವನ್ನು ಮಷೀನಿನವರಿಗೇ ಕೊಡಬೇಕೆಂದು ಮಾವನವರು ಹೊರಟರು.

"ನಿಮ್ಮ ಕಾಲ ಮುಗೀತು ಸಾಬ್ರ" ಎಂದು ನಕ್ಕರು.

"ನಾನೂ ನೋಡಿ ಬಂದೆ ಯಜಮಾನ್ರ. ಚಲೋ ಕಲಸ್ತೈತೆ. ನಡುವೆ ಚಾ ಸೈತ ಕೇಳಂಗಿಲ್ಲ!" ಎಂದ ಮೇಸ್ತ್ರಿ, ಬಾಗಿಲ ಹಿಂದೆ ನಿಂತಿದ್ದ ನನ್ನತ್ತ ತಿರುಗಿದರು. "ಅರಿವೆ ಯಾವ ಕೈಲಿ ತಿಕ್ತೀಯವ್ವ? ಕಲ್ಲು ಆ ಕಡೆ ಇಡ್ತೀನಿ."

ನಾನು ಎಡಚಿ. ಶಾಲೆಯಲ್ಲಿ ಆ ಕೈಗೆ ಏಟು ತಿಂದಿದ್ದೆ, ಅತ್ತೆಮನೆಯಲ್ಲಿ ಬಚ್ಚಿಟ್ಟಿದ್ದೆ. ಬಾಗಿಲ ಸಂದಿಯಿಂದ ಎಡಗೈ ಚಾಚಿ ತೋರಿಸಿದೆ. ಮೇಸ್ತ್ರಿ ಕಲ್ಲನ್ನು ಎಡಕ್ಕೆ ಕೂರಿಸಿದರು.

ಮಾವನವರು ಆಗಲೇ ಚಪ್ಪಲಿ ಮೆಟ್ಟಿದ್ದರು. ಅವರೆದುರು ನಾನು ಬಾಯಿಬಿಟ್ಟದ್ದು ಅದೇ ಮೊದಲು.

"ಮಾವಾರ, ಮಷೀನು ಹಿಂಗ ಕೇಳ್ತೈತೇನ್ರಿ?"

ಮಾವನವರು ನನ್ನ ಎಡಗೈಯನ್ನೂ ಕಲ್ಲನ್ನೂ ನೋಡಿದರು. ಚಪ್ಪಲಿ ಬಿಟ್ಟರು.

"ಮೇಸ್ತ್ರಿ, ಅಡುಗೆಮನೀಗೆ ಬರ್ರಿ. ಒಲಿ ಯಾವ ಕಡೆ ಬೇಕಂತ ಅದನ್ನೂ ಆಕೀನ್ನೇ ಕೇಳ್ರಿ."