ಪಕ್ಷೇತರನ ಅಲೆ ಎದ್ದ ಸಂಜೆ

ಚುನಾವಣೆಗೆ ಪಕ್ಷೇತರರಾಗಿ ನಿಂತಿದ್ದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಸುದ್ದಿ ಮಾಡಲು ನಮ್ಮ ಚಾನೆಲ್ ನನ್ನನ್ನು ನೆಲ್ಯಹುದಿಕೇರಿಗೆ ಕಳಿಸಿತ್ತು. ಅವರಿಗೆ ಪಕ್ಷವಿಲ್ಲ, ಹಣವಿಲ್ಲ, ಹಿಂದೆ ಜನವೂ ಇಲ್ಲ. "ಜನ ಕಾಣದಿದ್ದರೆ ಸುದ್ದಿ ಹೋಗಲ್ಲ," ಎಂದರು ಡೆಸ್ಕಿನವರು.

ಅಲ್ಲಿನ ಕಾಫಿ ತೋಟದ ಕೂಲಿಯವರ ಲೈನ್‌ಮನೆ ಸಾಲಿನಲ್ಲಿದ್ದ ಪರಿಚಯದ ಸೆಲ್ವಿಯಕ್ಕನ ಬಳಿ ನನ್ನ ಕಷ್ಟ ಹೇಳಿಕೊಂಡೆ.

"ಬೋರ್‌ವೆಲ್ ಮೋಟಾರ್ ಕೆಟ್ಟು ತಿಂಗಳಾಯ್ತು ಸಾರ್. ಸಂಜೆ ನೀರಿನ ಟ್ಯಾಂಕರ್ ಬರುತ್ತೆ, ಇಡೀ ಲೈನ್ ಸೇರುತ್ತೆ. ಅಭ್ಯರ್ಥೀನ ಕರ್ಕೊಂಡು ಆಗ ಬನ್ನಿ," ಎಂದರು ಅಕ್ಕ.

ಸಂಜೆ ಕಂಡಕ್ಟರ್ ಜೊತೆ ಹೋಗಿ ನಾನು ಕ್ಯಾಮೆರಾ ಎತ್ತುತ್ತಿದ್ದಂತೆ ಅಕ್ಕನೇ ಕೂಗಿದರು: "ಕೊಡ ಕೆಳಗಿಡಿ, ಕೈ ಮೇಲೆತ್ತಿ!" ಎಲ್ಲರೂ ಕೈಯೆತ್ತಿ ಜೈಕಾರ ಹಾಕಿದರು. ಕಂಡಕ್ಟರಿಗೆ ಕಣ್ಣು ತುಂಬಿ ಬಂತು. ಚಾನೆಲ್‌ನಲ್ಲಿ 'ಪಕ್ಷೇತರನ ಅಲೆ' ಎಂದೇ ಸುದ್ದಿಯಾಯಿತು.

ಮರುದಿನ ದೊಡ್ಡ ಪಕ್ಷದ ಅಭ್ಯರ್ಥಿ ಗಾಬರಿಬಿದ್ದು, ಮೆಕ್ಯಾನಿಕ್‌ನನ್ನು ಜೊತೆಗೇ ಕೂರಿಸಿಕೊಂಡು ಬಂದರಂತೆ. ನಾನು ಮತ್ತೆ ಹೋದಾಗ ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು.

"ಹಾಗಾದ್ರೆ ವೋಟು ದೊಡ್ಡ ಪಕ್ಷಕ್ಕೇನಾ ಅಕ್ಕ?"

"ಛೆ! ನೀರು ಬಂದಿದ್ದು ಕಂಡಕ್ಟರ್ ಸಾರ್ ನಿಂತಿದ್ದಕ್ಕೆ ಅಲ್ವಾ? ವೋಟು ಅವರಿಗೇ," ಎಂದವರು ದನಿ ತಗ್ಗಿಸಿದರು. "ರಸ್ತೆ ಇನ್ನೂ ಆಗಿಲ್ಲ. ಕ್ಯಾಮೆರಾ ತಂದಿದ್ದೀರಾ?"

ಸುಳ್ಳು ಹೇಳುವುದೇಕೆ, ತಂದಿದ್ದೆ.