ಎಲ್ಲಾ ಹೆಸರಿಗೂ ಒಂದೇ ಪುಟ

ನಮ್ಮ ಕಡೆ ಯಾರಿಗಾದರೂ ಕಂಪ್ಯೂಟರ್ ಬರುತ್ತದೆ ಅಂತ ಗೊತ್ತಾದರೆ ಮುಗಿಯಿತು, ಅವರ ಭಾನುವಾರಗಳೆಲ್ಲ ಊರಿನ ಪಾಲು. ತರೀಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನನ್ನು ಅಜ್ಜಂಪುರದ ವಾಚನಾಲಯದ ಅಧ್ಯಕ್ಷರು ಹಿಡಿದದ್ದೂ ಹಾಗೆಯೇ. "ಎಲ್ಲಾ ಕಡೆ ಡಿಜಿಟಲ್ ಆಗೈತೆ ಕಣಮ್ಮ, ನಮ್ದೂ ಒಂದು ಮಾಡ್ಕೊಡು" ಅಂದರು. ನಾನು ಒಪ್ಪಿದ್ದು ಅವರ ಮುಖ ನೋಡಿ ಅಲ್ಲ. ಆ ವಾಚನಾಲಯದ ಕಪಾಟಿನಲ್ಲಿ ಯಗಟಿಯ ನನ್ನ ದೊಡ್ಡಮ್ಮನ ಸೋಬಾನೆ ಹಾಡುಗಳ ಪುಸ್ತಕವಿತ್ತು.

ದೊಡ್ಡಮ್ಮನಿಗೆ ಓದು ಬರಹ ಬಾರದು. ಅವಳ ಗಂಟಲು ಗಟ್ಟಿಯಿದ್ದ ಕಾಲದಲ್ಲಿ ಮೇಷ್ಟ್ರೊಬ್ಬರು ಎದುರಿಗೆ ಕೂತು ಹಾಡುಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದ್ದರು. ಮೇಷ್ಟ್ರು ಹೋದರು. ಮನೆಮನೆಯ ಪ್ರತಿಗಳು ಗೆದ್ದಲಿಗೆ ಹೋದವು. ಉಳಿದದ್ದು ವಾಚನಾಲಯದ್ದೊಂದೇ. ಈಗ ಅವಳಿಗೆ ಹಾಡುಗಳು ನೆನಪಿಗೆ ಬರುವುದಿಲ್ಲ. ಯಗಟಿಯಲ್ಲಿ ಬಸ್ಸು ಹತ್ತಿ, ಕಡೂರಿನಲ್ಲಿ ಇಳಿದು ಇನ್ನೊಂದು ಹಿಡಿದು ಬಂದು, ವಾಚನಾಲಯದ ಬೆಂಚಿನ ಮೇಲೆ ಕೂತು ನನಗೆ "ಓದೇ, ಕೇಳ್ತೀನಿ" ಅನ್ನುತ್ತಿದ್ದಳು. ಆ ಪುಸ್ತಕ ಕಳೆದರೆ ಅವಳ ಹಾಡು ಕಳೆದ ಹಾಗೇ ಅಂತ ನನಗೆ ಗೊತ್ತಿತ್ತು.

ಯಾವುದನ್ನಾದರೂ ಇಂಟರ್ನೆಟ್ಟಿಗೆ ಏರಿಸುವ ಮೊದಲು ನಮ್ಮ ಯಂತ್ರದಲ್ಲೇ ಓಡಿಸಿ ನೋಡುವುದು ಈ ಕಸುಬಿನ ಕ್ರಮ. ಡೇಟಾಬೇಸು ಹಟ ಹಿಡಿಯಿತು. ಕನ್ನಡದಲ್ಲಿ ಹುಡುಕಿದರೆ ಒತ್ತಕ್ಷರದ ಹೆಸರುಗಳೇ ಸಿಗದೆ ತಲೆ ತಿಂದವು. ಎಲ್ಲ ಸರಿಮಾಡಿದೆ. ಒಳ್ಳೆಯ ಸ್ಕ್ಯಾನರ್ ಇನ್ನೂ ಬಂದಿರಲಿಲ್ಲ. ದೊಡ್ಡಮ್ಮನ ಪುಸ್ತಕದ ಹೊಲಿಗೆ ಬಿಟ್ಟಿದ್ದರಿಂದ ಸಿಕ್ಕಿದ ಸ್ಕ್ಯಾನರಿನಲ್ಲಿಟ್ಟು ಒತ್ತಲು ಭಯ. ಹಾಗಾಗಿ ಪರೀಕ್ಷೆಗೆಂದು ಅಷ್ಟೂ ಪುಸ್ತಕಗಳ ಹೆಸರು, ರಕ್ಷಾಪುಟದ ಫೋಟೊ ಮಾತ್ರ ತುಂಬಿ, ಎಲ್ಲದರ ಹಿಂದೆಯೂ ಒಂದೇ ಮಾದರಿ ಪುಟ ಇಟ್ಟೆ. ಯಾವ ಹೆಸರು ಒತ್ತಿದರೂ ಅದೇ ತೆರೆಯುತ್ತಿತ್ತು.

ಅಧ್ಯಕ್ಷರು ನೋಡಲು ಬಂದರು. ಒಂದು ಹೆಸರು ಒತ್ತಿದರು, ತೆರೆಯಿತು. "ನೋಡ್ರಪ್ಪಾ, ಕಪಾಟಿಗೆ ಕಪಾಟೇ ಒಳಗೋಗೈತೆ" ಅಂತ ಜೊತೆಯವರಿಗೆ ಹೇಳಿದರು.

"ಇಲ್ಲ ಸಾರ್, ಬರೀ ಹೆಸರು. ಪುಸ್ತಕ ಇನ್ನೂ ಹಾಕಿಲ್ಲ" ಅಂದೆ.

"ಆಗ್ಲಿ ಕಣಮ್ಮ, ಆಗ್ಲಿ" ಅಂದರು.

ಮತ್ತೆ ಬಿಡಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಲ್ಯಾಪ್‌ಟಾಪಿಗೆ ಹಾರ ಹಾಕಿಸಿ, ಕುಂಕುಮ ಇಡಿಸಿ, ಫೋಟೊ ತೆಗೆಸಿಕೊಂಡು ಹೋದರು. ಕೀಲಿಗಳ ಸಂದಿಯ ಕುಂಕುಮ ಊದಿ ತೆಗೆಯುವ ಕೆಲಸ ನನ್ನದಾಯಿತು.

ಮುಂದಿನ ಭಾನುವಾರ ಹೋದರೆ ಕಪಾಟುಗಳೇ ಇರಲಿಲ್ಲ. ಆ ಜಾಗದಲ್ಲಿ ಸೋಫಾ. ರದ್ದಿಗೆ ಹಾಕಿದ್ದರೆ ಅಂಗಡಿ ಅಂಗಡಿ ಅಲೆದಾದರೂ ಹುಡುಕುತ್ತಿದ್ದೆ. ಆದರೆ ಇವರು ಭಕ್ತರು. "ಶಿವನ ಹೆಸರಿರೋ ಪುಸ್ತಕಗಳು, ರದ್ದಿಗೆ ಹಾಕಕ್ಕಾಯ್ತದೇನಮ್ಮಾ? ಪೂಜೆ ಮಾಡಿ, ಲಕ್ಕವಳ್ಳಿಗೆ ಹೋಗಿ ಭದ್ರೆಗೆ ಬಿಟ್ಟು ಬಂದ್ವಿ" ಅಂದರು ಅಧ್ಯಕ್ಷರು. ಹರಿದ ಪುರಾಣ, ಒಡೆದ ದೇವರ ಪಟ ನೀರಿಗೆ ಬಿಡುವುದು ನಮ್ಮಲ್ಲಿ ಇದ್ದದ್ದೇ. ಜೀವ ಇರುವ ಪುಸ್ತಕವನ್ನು ಯಾರಾದರೂ ಬಿಡುತ್ತಾರೆಯೇ? ಅವರ ಭಕ್ತಿಗಿಷ್ಟು ಬೆಂಕಿ ಹಾಕ. ನಾನು ಕೂಗಾಡಿದೆ. ಅವರಿಗೆ ಬೇಜಾರಾಯಿತು. "ಯಾಕಮ್ಮಾ ಹಿಂಗಾಡ್ತೀಯ? ಎಲ್ಲಾ ಅದ್ರಲ್ಲೇ ಐತಲ್ಲ" ಅಂದರು. ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ದೊಡ್ಡಮ್ಮ ಬಂದಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸೋಫಾದ ತುದಿಯಲ್ಲಿ ಕೂತು ಪೂರ್ತಿ ಕೇಳಿದಳು.

"ನಂಗೇ ಓದಕ್ ಬರಲ್ಲ. ಗಂಗಮ್ಮಂಗೆ ಬತ್ತದೇನೇ?" ಅಂದಳು.

ಲ್ಯಾಪ್‌ಟಾಪಿನ ಮೇಲೆ ಅವಳ ಪುಸ್ತಕದ ರಕ್ಷಾಪುಟದ ಫೋಟೊ ಕಾಣುತ್ತಿತ್ತು. ಅದನ್ನು ಗುರುತು ಹಿಡಿದು, ಸೆರಗು ಸರಿಮಾಡಿಕೊಂಡು, ಹಾಡು ಶುರು ಮಾಡಿದಳು. ಮೊದಲ ಸಾಲು ಬಂತು. ಎರಡನೆಯದು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಅದೇ ಹೇಳಲಿ ಅಂತ, ಪರದೆಯ ಕಡೆ ನೋಡುತ್ತಾ ಕೂತಳು.