ನೇರಳೆ ಪಟ್ಟಿಯ ಕಾಡುದಾರಿ

ನನಗೆ ನಲವತ್ತೆರಡು ತುಂಬಿದ ವರ್ಷ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ದಿನಾ ಒಂದು ಗಂಟೆ ಬೆವರು ಬರುವಷ್ಟು ನಡೆಯಬೇಕು, ಸಾಧ್ಯವಾದರೆ ಓಡಬೇಕು ಎಂದು ಡಾಕ್ಟರು ಹೇಳಿದರು. ಆಗ ನಾನು ಮುಳ್ಳೇರಿಯದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನನ್ನ ಬ್ಯಾರಿ ಗೆಳೆಯನಿಗೂ ಅದೇ ತಿಂಗಳು ಅದೇ ಸಕ್ಕರೆ, ಅದೇ ಉಪದೇಶ. ದುಬಾಯಿಯಲ್ಲಿದ್ದ ಅವನ ತಮ್ಮ ಇಬ್ಬರಿಗೂ ಕಿತ್ತಳೆ ಬಣ್ಣದ ಬೂಟು ಕಳಿಸಿದ. ಅಣ್ಣನಿಗೆ ಮಾತ್ರ ಓಡಿದ ದೂರ ತೋರಿಸುವ ಒಂದು ವಾಚೂ ಬಂತು.

ಮೊದಲ ವಾರ ರಸ್ತೆಯಲ್ಲೇ ಓಡಿದೆವು. ಅದು ನಡೆಯುವ ಕೆಲಸವಾಗಿರಲಿಲ್ಲ. ಎದುರು ಬಂದವರೆಲ್ಲ ಯಾರಿಗೆ ಏನಾಯಿತು ಎಂದು ಗಾಬರಿಯಿಂದ ಕೇಳುತ್ತಿದ್ದರು. ಆಟೋದವರು ನಿಲ್ಲಿಸಿ ಹತ್ತಲು ಒತ್ತಾಯಿಸುತ್ತಿದ್ದರು. ಒಂದು ದಿನ ಬೆಳಗಿನ ಬಸ್ಸು ನಮಗಾಗಿಯೇ ನಿಂತಿತು. ಕಂಡಕ್ಟರು ಬಾಗಿಲು ಹಿಡಿದು ಕಾಯುತ್ತಿರುವಾಗ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಹತ್ತಿ ಕುಳಿತು, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆವು. ಅಂದೇ ಗೆಳೆಯ ಕಾಡಿಗೆ ಹೋಗುವ ಮಾತೆತ್ತಿದ.

ಅಡೂರಿನ ಕಡೆಗೆ ಹೋಗುವ ದಾರಿಯಲ್ಲಿ, ಗೇರುತೋಪಿನ ಬೆನ್ನಿಗೆ ಒಂದು ಕಾಲುದಾರಿ ಕಾಡಿಗೆ ಹೊಗುತ್ತಿತ್ತು. ಮೊದಲು ಪದವು, ಅಂದರೆ ಮುರಕಲ್ಲಿನ ಬೋಳು ಬಯಲು, ಅಲ್ಲಿ ಒಣಹುಲ್ಲು ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ದಾಟಿದರೆ ದಾರಿ ಒಮ್ಮೆಲೇ ಇಳಿದು ಮರಗಳ ಒಳಗೆ ನುಗ್ಗುತ್ತಿತ್ತು. ತಲೆಯ ಮೇಲೆ ಹಾರ್ನ್‌ಬಿಲ್ ಹಕ್ಕಿಗಳು ಬಟ್ಟೆ ಝಾಡಿಸಿದ ಸದ್ದು ಮಾಡಿ ಹಾರುತ್ತಿದ್ದವು. ಕೆಳಗೆ ಸಣ್ಣಗೆ ನೀರು ಹರಿಯುವ ಒಂದು ತೋಡು, ತೋಡಿನ ಬದಿಗೇ ಅರ್ಧ ಮೈಲು ಸಮನೆಲ, ಆಮೇಲೆ ಏರು. ಏರಿನ ಆಚೆ ಕಾಡಿಗೆ ತಾಗಿಕೊಂಡು ಏಳೆಂಟು ಮನೆಗಳ ಬೇಲಿ. ಆ ತೋಡಿನ ಬದಿಯಲ್ಲಿ ಓಡುವಾಗ ನನಗೆ ಸಕ್ಕರೆಯ ನೆನಪೇ ಬರುತ್ತಿರಲಿಲ್ಲ.

ಆದರೆ ಕವಲುಗಳು ಬಹಳ. ಎರಡನೆಯ ದಿನವೇ ದಾರಿ ತಪ್ಪಿ ನಾನು ಶಾಲೆಗೆ ಎರಡು ಪೀರಿಯಡ್ ತಡವಾಗಿ ಹೋದೆ. ಗುರುತಿಗೆ ಮರಗಳಿಗೆ ಬಟ್ಟೆಯ ಪಟ್ಟಿ ಕಟ್ಟುವ ಎಂದು ಗೆಳೆಯ ಹೇಳಿದ. ಯಾವ ಬಣ್ಣದ್ದು ಎಂಬುದಕ್ಕೆ ಅಂಗಡಿಯಲ್ಲಿ ಕುಳಿತು ಅರ್ಧ ಗಂಟೆ ಚರ್ಚೆಯಾಯಿತು. ಕೆಂಪು ಒಂದು ಪಕ್ಷದ್ದು, ಹಸಿರು ಇನ್ನೊಂದರದ್ದು, ಕೇಸರಿ ಮತ್ತೊಂದರದ್ದು. ಹಳದಿ ಕಟ್ಟಿದರೆ ಅಲ್ಲೊಂದು ದೈವಸ್ಥಾನ ಏಳುವ ಅಪಾಯ. ಕೊನೆಗೆ ಯಾರಿಗೂ ಸೇರದ ನೇರಳೆ ಬಣ್ಣದ ಒಂದು ಚೂಡಿದಾರದ ತುಂಡು ಸಿಕ್ಕಿತು. ವರ್ಷಗಳಿಂದ ಯಾರೂ ಕೇಳದ ಬಟ್ಟೆ. ಅದನ್ನು ಹರಿದು ಪ್ರತಿ ಕವಲಿನಲ್ಲೂ ಒಂದೊಂದು ಕಟ್ಟಿದೆವು.

ಮರುದಿನ ಒಬ್ಬ ಹೆಂಗಸು ತೋಡಿನ ಹತ್ತಿರ ಸಿಕ್ಕಿದರು. ಐವತ್ತು ದಾಟಿದ ವಯಸ್ಸು, ತಲೆಯ ಮೇಲೆ ದನದ ಹಟ್ಟಿಗೆ ಹಾಸುವ ತರಗೆಲೆಯ ದೊಡ್ಡ ಹೊರೆ. ಗೆಳೆಯ ಆಗಷ್ಟೇ ನಿಂತು ವಾಚು ನೋಡಿ, ಇಷ್ಟು ಮೀಟರ್ ಆಯಿತು ಎಂದು ಗಟ್ಟಿಯಾಗಿ ಹೇಳಿದ್ದ. ಆಕೆ ನಮ್ಮ ಬೂಟನ್ನೊಮ್ಮೆ, ಮರದ ಪಟ್ಟಿಯನ್ನೊಮ್ಮೆ ನೋಡಿ, ಇದು ಎಂತಕ್ಕೆ ಕಟ್ಟಿದ್ದು ಎಂದು ಕೇಳಿದರು.

ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೆಳೆಯ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದ: "ಇಲ್ಲಿ ದೊಡ್ಡ ರೋಡು ಬರ್ಲಿಕ್ಕುಂಟು ಅಕ್ಕ. ಅಳತೆ ಮಾಡುದು."

ಮಕ್ಕಳಿಗೆ ಸತ್ಯ ಹೇಳಿರೆಂದು ದಿನಾ ಬೋಧಿಸುವ ನಾನು ಅವನನ್ನು ತಡೆಯಬೇಕಿತ್ತು. ತಡೆಯುವ ಬದಲು, "ನಾಲ್ಕು ಸಾಲಿನದ್ದು" ಎಂದು ಸೇರಿಸಿದೆ. ಆಕೆ ಹೊರೆಯನ್ನು ಸರಿಮಾಡಿಕೊಂಡು ಹೋದರು. ನಾವು ಏರು ಹತ್ತುವವರೆಗೂ ನಕ್ಕೆವು.

ಮೂರು ದಿನ ಕಳೆದ ಮೇಲೆ ದಾರಿ ವಿಚಿತ್ರವಾಗಿ ವರ್ತಿಸತೊಡಗಿತು. ನೇರಳೆ ಪಟ್ಟಿಗಳನ್ನೇ ನಂಬಿ ಓಡಿದ ನಾವು ಹೋಗಿ ನಿಂತದ್ದು ಕಲ್ಲು ಕಡಿದು ಬಿಟ್ಟ ಒಂದು ಹಳೆಯ ಕೋರೆಯ ಅಂಚಿನಲ್ಲಿ. ಇನ್ನೆರಡು ಹೆಜ್ಜೆ ಹಾಕಿದ್ದರೆ ಕೆಳಗಿನ ಪಾಚಿ ನೀರಿಗೇ. ಮರುದಿನ ಪಟ್ಟಿಗಳು ನಮ್ಮನ್ನು ಮುಳ್ಳಿನ ಪೊದೆಗೆ ಹೊಗಿಸಿದವು. ಗೆಳೆಯನ ಪ್ಯಾಂಟು ಹರಿಯಿತು. ಅದರ ಮರುದಿನ ಯಾರದೋ ಹಟ್ಟಿಯ ಹಿಂಬದಿ ತಲುಪಿ, ಕರು ಹಾಕಿದ ಎಮ್ಮೆಯ ಎದುರು ನಿಂತೆವು. ಓಟದ ನಿಜವಾದ ವೇಗ ಏನೆಂದು ಅಂದು ನಮಗೆ ಗೊತ್ತಾಯಿತು.

ಶಾಲೆಯ ಸ್ಟಾಫ್ ರೂಮಿನಲ್ಲಿ ವಿಷಯ ಬಿಚ್ಚಿಕೊಂಡಿತು. ಆ ಕಡೆಯಿಂದ ಬರುವ ಟೀಚರೊಬ್ಬರು ಚಿಂತೆಯಿಂದ ಹೇಳಿದರು: ಕಾಡಿನ ಬದಿಯಲ್ಲಿ ನಾಲ್ಕು ಸಾಲಿನ ರಸ್ತೆ ಬರುತ್ತದೆ, ಸರ್ವೇ ಆಗಿದೆ. ಜಾಗ ಹೋಗುತ್ತದೆಂದು ಹೆದರಿದವರು ಗುರುತಿನ ಪಟ್ಟಿಯನ್ನು ಬಿಚ್ಚಿ ನೆರೆಯವರ ಬೇಲಿಯ ಹತ್ತಿರ ಕಟ್ಟುತ್ತಾರೆ. ನೆರೆಯವರು ಅದನ್ನು ಅವರ ಆಚೆಯವರ ಕಡೆಗೆ ಸಾಗಿಸುತ್ತಾರೆ. ಚಾದಂಗಡಿಯವನೊಬ್ಬ ಮಾತ್ರ ರಸ್ತೆ ತನ್ನ ಅಂಗಡಿಯ ಎದುರಿಗೇ ಬರಲಿ ಎಂದು ಸಿಕ್ಕಿದ ಪಟ್ಟಿಗಳನ್ನೆಲ್ಲ ತಂದು ಕಟ್ಟುತ್ತಿದ್ದಾನೆ. ಆದಿತ್ಯವಾರ ವಾಚನಾಲಯದಲ್ಲಿ ಆಕ್ಷನ್ ಕಮಿಟಿಯ ಸಭೆ ಇದೆ.

ನನ್ನ ಬಾಯಲ್ಲಿದ್ದ ಚಾ ಹಾಗೆಯೇ ಉಳಿಯಿತು. ಸಂಜೆ ಗೆಳೆಯನಿಗೆ ಹೇಳಿದಾಗ ಅವನೂ ಬೆವರಿದ. ಇಷ್ಟು ಬೆವರು ಓಡುವಾಗಲೂ ಬಂದಿರಲಿಲ್ಲ. ಹೋಗಿ ಒಪ್ಪಿಕೊಂಡು ಕ್ಷಮೆ ಕೇಳುವುದು ಎಂದು ತೀರ್ಮಾನಿಸಿದೆವು. ಮಾತು ನಾನು ಆಡಬೇಕು, ತಾನು ಪಕ್ಕದಲ್ಲಿ ಬೇಸರದ ಮುಖ ಮಾಡಿಕೊಂಡು ನಿಲ್ಲುತ್ತೇನೆ ಎಂದು ಅವನು ಕೆಲಸ ಹಂಚಿದ.

ವಾಚನಾಲಯದ ಜಗಲಿ ತುಂಬಿತ್ತು. ಪರಸ್ಪರ ಮುಖ ನೋಡದ ಮೂರು ಪಕ್ಷಗಳವರೂ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಧ್ಯಕ್ಷರು, ಮಾಸ್ತರರು ಬಂದದ್ದು ಒಳ್ಳೆಯದಾಯಿತು, ಕಲೆಕ್ಟರಿಗೆ ಕೊಡುವ ಮನವಿ ಇವರೇ ಬರೆಯಲಿ ಎಂದು ಕಾಗದ, ಪೆನ್ನು ಕೈಗಿಟ್ಟರು. ಆ ರಸ್ತೆ ಯಾಕೆ ಬರಬಾರದು ಎಂದು ನಾನು ಬರೆಯತೊಡಗಿದೆ. ಹೇಳಿಕೊಳ್ಳಲು ನಾಚಿಕೆ, ಬರವಣಿಗೆ ಚೆನ್ನಾಗಿಯೇ ಬಂತು. ತೋಡು, ಹಕ್ಕಿ, ಬೇಲಿ, ತರಗೆಲೆ ಎಲ್ಲ ಬಂದವು. ಗೆಳೆಯ ಕಾಲು ತುಳಿದ ಮೇಲೆ ಪೆನ್ನು ಕೆಳಗಿಟ್ಟೆ.

ಎದ್ದು ನಿಂತು ಎಲ್ಲ ಹೇಳಿದೆ. ರಸ್ತೆ ಇಲ್ಲ, ಸರ್ವೇ ಇಲ್ಲ, ಚೂಡಿದಾರದ ತುಂಡು, ಸಕ್ಕರೆ ಕಾಯಿಲೆ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು. ತರಗೆಲೆಯ ಹೊರೆಯ ಅಕ್ಕ.

"ನಂಗೆ ಅವತ್ತೇ ಗೊತ್ತಿತ್ತು," ಎಂದರು. "ಸರಕಾರದವ್ರು ಬೆಳಿಗ್ಗೆ ಆರು ಗಂಟೆಗೆ ಕೆಲಸಕ್ಕೆ ಬರ್ತಾರಾ? ರೋಡಿನ ಸುದ್ದಿ ಊರಿಗೆ ಹೇಳಿದ್ದೂ ನಾನೇ, ಮೊದಲಿನ ಪಟ್ಟಿ ಬಿಚ್ಚಿದ್ದೂ ನಾನೇ. ಕೋರೆಯ ಬದಿಗೆ ಕಟ್ಟಿ, ಮರದ ಹಿಂದೆ ನಿಂತು ನೋಡಿದೆ. ಇವರು ಬೀಳುವ ಹಾಗೆ ಕಂಡ್ರೆ ಕರೀಲಿಕ್ಕೆ."

ಉಳಿದವರು ಪಟ್ಟಿ ಸಾಗಿಸುವುದನ್ನು ಕಂಡೂ ನಿಜ ಏಕೆ ಹೇಳಲಿಲ್ಲ ಎಂದು ಅಧ್ಯಕ್ಷರು ಕೋಪದಿಂದ ಕೇಳಿದರು. ಯಾರ ಮನಸ್ಸು ಎಂಥದ್ದೆಂದು ನೋಡುವುದಕ್ಕೆ ಎಂದರು ಅಕ್ಕ. ಯಾರು ಯಾರ ಬೇಲಿಗೆ ಕಟ್ಟಿದ್ದೆಂದು ತನಗೆ ಪೂರ್ತಿ ಗೊತ್ತು, ಬೇಕಾದರೆ ಈಗಲೇ ಹೇಳುತ್ತೇನೆ ಎಂದೂ ಸೇರಿಸಿದರು. ಜಗಲಿಯಲ್ಲಿದ್ದ ಅರ್ಧ ಜನ ಏಕಕಾಲಕ್ಕೆ ಬೇಡ ಎಂದರು. ನಮ್ಮ ಮೇಲೆ ಏರಬೇಕಿದ್ದ ಸಿಟ್ಟು ಅಲ್ಲಿಯೇ ಇಳಿದುಹೋಯಿತು. ಚಾದಂಗಡಿಯವನು ಮಾತ್ರ ನಿಜವಾಗಿ ನೊಂದು, ಹಾಗಾದರೆ ರೋಡು ಬರುವುದೇ ಇಲ್ಲವಾ ಎಂದು ಎರಡು ಸಲ ಕೇಳಿದ.

ಸಮಸ್ಯೆ ಉಳಿದದ್ದು ಕಮಿಟಿಯದ್ದು. ನಮ್ಮೂರಿನಲ್ಲಿ ಕಮಿಟಿ ರಚಿಸುವುದು ಸುಲಭ, ಬಿಡಿಸುವುದು ಅಸಾಧ್ಯ. ಅಧ್ಯಕ್ಷರು ಆಗಲೇ ಆಯ್ಕೆಯಾಗಿದ್ದರು, ಲೆಟರ್‌ಹೆಡ್ಡೂ ಅಚ್ಚಾಗಿತ್ತು. ಕೊನೆಗೆ ಆ ಕಾಲುದಾರಿಯನ್ನೇ ನೇರ್ಪು ಮಾಡಿ ಒಂದು ಕಾಡು ಓಟ ನಡೆಸುವುದೆಂದು ಠರಾವಾಯಿತು. ಸುಳ್ಳು ಹೇಳಿದ್ದಕ್ಕೆ ದಂಡವೆಂದು ಪೊದೆ ಕಡಿಯುವ ಕೆಲಸ ನಮ್ಮಿಬ್ಬರಿಗೆ ಬಿತ್ತು. ಎರಡು ಆದಿತ್ಯವಾರ ಕತ್ತಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡೆವು. ಅಕ್ಕ ಹೊರೆ ಇಳಿಸಿ ಕಲ್ಲಿನ ಮೇಲೆ ಕುಳಿತು, ಎಲ್ಲಿ ಕಡಿಯಬೇಕು, ಎಲ್ಲಿ ಕಡಿಯಬಾರದು ಎಂದು ಹೇಳುತ್ತಿದ್ದರು. ಕುಂಟಾಲದ ಗಿಡ ಮುಟ್ಟಲು ಬಿಡಲಿಲ್ಲ. ಬೇಸಿಗೆಯಲ್ಲಿ ಅದರ ಹಣ್ಣು ತಿನ್ನಲು ಬುಲ್‌ಬುಲ್‌ಗಳು ಬರುತ್ತವಂತೆ.

ಮೊದಲ ಓಟಕ್ಕೆ ನಲವತ್ತು ಜನ ಸೇರಿದರು. ಹೆಚ್ಚಿನವರು ಲುಂಗಿ ಎತ್ತಿ ಕಟ್ಟಿದವರು, ಕೆಲವರು ಬರಿಗಾಲಿನವರು. ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬ ಯುವಕ ನಾವು ತೋಡು ಮುಟ್ಟುವುದರೊಳಗೆ ಮುಗಿಸಿದ್ದ. ಗೆಳೆಯ ಏರಿನಲ್ಲಿ ಕುಳಿತುಬಿಟ್ಟ. ನೀವು ಹೋಗಿ ಮಾಸ್ಟ್ರೆ, ನಾನು ಹಕ್ಕಿ ನೋಡಿ ಬರ್ತೇನೆ ಎಂದ. ಅವನು ಬದುಕಿನಲ್ಲಿ ಎಂದೂ ಹಕ್ಕಿ ನೋಡಿದವನಲ್ಲ.

ನಾನೂ ಅವನ ಪಕ್ಕ ಕುಳಿತೆ. ಹಿಂದೆ ಉಳಿದವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು. ಕೊನೆಗೆ ಏದುಸಿರು ಬಿಡುತ್ತ ಅಧ್ಯಕ್ಷರು ಬಂದು, ಸ್ವಲ್ಪ ಸರಿಯಿರಿ ಎಂದು ಹೇಳಿ, ನಮ್ಮ ನಡುವೆ ಕುಳಿತುಕೊಂಡರು.